ಕಾಸರಗೋಡಿನಲ್ಲಿ ಕೂತು ನೆಟ್‌ವರ್ಕ್ ಸೆಕ್ಯುರಿಟಿ ಪರೀಕ್ಷೆಗೆ ತಯಾರಾಗುವುದು ಹೇಗೆ?

ಉಪ್ಪಳ, ಬದಿಯಡ್ಕ, ಮುಳ್ಳೇರಿಯ ಕಡೆಯ ಹುಡುಗ ಹುಡುಗಿಯರಿಂದ ನನಗೆ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಅಣ್ಣ, ನೆಟ್‌ವರ್ಕ್ ಸೆಕ್ಯುರಿಟಿ ಸರ್ಟಿಫಿಕೇಶನ್ ಮಾಡಬೇಕು, ಎಲ್ಲಿಂದ ಶುರು ಮಾಡಲಿ?" ಅದರ ಬೆನ್ನಿಗೇ ಇನ್ನೊಂದು: "ನಾನು ಹತ್ತನೆಯವರೆಗೆ ಕನ್ನಡ ಮೀಡಿಯಂ. ನನ್ನಿಂದ ಆಗ್ತದಾ?"

ಆಗುತ್ತದೆ. ವಿಷಯ ಅಷ್ಟೇನೂ ಕಷ್ಟದ್ದಲ್ಲ. ನಮ್ಮವರು ಎಡವುವುದು ಪ್ರಶ್ನೆ ಓದುವಲ್ಲಿ. ಉತ್ತರ ಗೊತ್ತಿರುತ್ತದೆ, ಆದರೆ ಕೇಳಿದ್ದೇನು ಅಂತ ತಿಳಿಯುವಷ್ಟರಲ್ಲಿ ಒಂದು ನಿಮಿಷ ಹೋಗಿರುತ್ತದೆ. ಹಾಗಾಗಿ ಕನ್ನಡದಲ್ಲಿ ಅರ್ಥ ಮಾಡಿಕೊಳ್ಳಿ, ಇಂಗ್ಲಿಷಿನಲ್ಲಿ ಗುರುತು ಹಿಡಿಯಿರಿ. ಕೆಳಗಿನ ಹಂತಗಳನ್ನು ಇದನ್ನೇ ಮನಸ್ಸಿನಲ್ಲಿಟ್ಟು ಬರೆದಿದ್ದೇನೆ.

ಹಂತ 1: ಯಾವ ಪರೀಕ್ಷೆ ಅಂತ ತೀರ್ಮಾನಿಸಿ

ಹೊಸಬರಿಗೆ ಮುಖ್ಯವಾಗಿ ಎರಡು ದಾರಿ ಉಂಟು.

ಒಂದು, ಕಾಂಪ್‌ಟಿಯಾ ಸಂಸ್ಥೆಯ ಸೆಕ್ಯುರಿಟಿ ಪ್ಲಸ್. ಇದು ಯಾವ ಕಂಪನಿಯ ಸಾಧನಕ್ಕೂ ಅಂಟಿಕೊಂಡಿಲ್ಲ. ಸೆಕ್ಯುರಿಟಿಯ ಎಲ್ಲ ಮೂಲೆಗಳನ್ನೂ ಸ್ವಲ್ಪ ಸ್ವಲ್ಪ ಮುಟ್ಟುತ್ತದೆ. ಇನ್ನೊಂದು, ರೂಟರ್, ಸ್ವಿಚ್ ತಯಾರಿಸುವ ಸಿಸ್ಕೋ ಕಂಪನಿಯ ಸಿಸಿಎನ್‌ಎ. ಇದು ಮೂಲತಃ ನೆಟ್‌ವರ್ಕಿಂಗ್ ಪರೀಕ್ಷೆ. ಸೆಕ್ಯುರಿಟಿಯ ಪಾಲು 15 ಶೇಕಡಾ ಮಾತ್ರ. ಆದರೆ ರೂಟರ್, ಸ್ವಿಚ್ ಕೈಯಲ್ಲಿ ಹಿಡಿದು ಕೆಲಸ ಮಾಡುವವರಿಗೆ ಇದೇ ಗಟ್ಟಿ ಬುನಾದಿ. 120 ನಿಮಿಷದ ಪರೀಕ್ಷೆ, ಶುಲ್ಕ 300 ಡಾಲರ್, ಅದರ ಮೇಲೆ ತೆರಿಗೆ.

ಸಿಐಎಸ್‌ಎಸ್‌ಪಿ ಎಂಬ ಮೇಲ್ಮಟ್ಟದ ಪರೀಕ್ಷೆ ಮಾಡ್ತೇನೆ ಅಂತ ಹೊರಡುವವರೂ ಇದ್ದಾರೆ. ಅದು ಐದು ವರ್ಷ ಕೆಲಸ ಮಾಡಿದವರಿಗೆ. ಪರೀಕ್ಷೆ ಪಾಸಾದರೂ ಅಷ್ಟು ಅನುಭವ ಇಲ್ಲದಿದ್ದರೆ ಪೂರ್ಣ ಪ್ರಮಾಣಪತ್ರ ಸಿಗುವುದಿಲ್ಲ. ಓಎಸ್‌ಸಿಪಿ ಅಂತ ಇನ್ನೊಂದುಂಟು. ಹತ್ತಿರ ಹತ್ತಿರ 24 ಗಂಟೆ ಕೂತು ನಿಜವಾಗಿ ಯಂತ್ರಗಳ ಒಳಗೆ ನುಗ್ಗಿ ತೋರಿಸಬೇಕು, ಆಮೇಲೆ ವರದಿ ಬರೆಯಬೇಕು. ಇವೆರಡನ್ನೂ ಈಗ ಮರೆತುಬಿಡಿ.

ನನ್ನ ಅಭಿಪ್ರಾಯ ಕೇಳಿದರೆ, ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಿರುವವರು ಸೆಕ್ಯುರಿಟಿ ಪ್ಲಸ್ ಮಾಡಲಿ. ಕೇಬಲ್, ಸಿಸಿಟಿವಿ, ನೆಟ್‌ವರ್ಕ್ ಕೆಲಸದಲ್ಲಿ ಈಗಾಗಲೇ ಇರುವವರು ಸಿಸಿಎನ್‌ಎ ಹಿಡಿಯಲಿ. ಗಲ್ಫ್‌ಗೆ ಹೋಗುವ ಅಂದಾಜಿದ್ದರೆ ಅಲ್ಲಿರುವ ಪರಿಚಯದವರ ಹತ್ತಿರ ನಾಲ್ಕು ಉದ್ಯೋಗ ಜಾಹೀರಾತು ತರಿಸಿ ಓದಿ. ಅದರಲ್ಲಿ ಯಾವ ಹೆಸರು ಜಾಸ್ತಿ ಬರುತ್ತದೋ ಅದನ್ನೇ ಮಾಡಿ. ಮುಂದೆ ನಾನು ಹೇಳುವ ಲೆಕ್ಕಗಳೆಲ್ಲ ಸೆಕ್ಯುರಿಟಿ ಪ್ಲಸ್‌ನವು. ತಯಾರಿಯ ರೀತಿ ಎರಡಕ್ಕೂ ಒಂದೇ.

ಹಂತ 2: ಸಿಲೆಬಸ್ ಇಳಿಸಿಕೊಳ್ಳಿ, ಆವೃತ್ತಿ ನೋಡಿ

ಸೆಕ್ಯುರಿಟಿ ಪ್ಲಸ್‌ನ ಎಸ್‌ವೈ0-701 ಆವೃತ್ತಿ 2023ರ ನವೆಂಬರಿನಲ್ಲಿ ಬಂತು. ಅದರ ಹಿಂದಿನ 601 ಆವೃತ್ತಿ 2024ರ ಜುಲೈಗೆ ನಿಂತುಹೋಯಿತು. ಹೆಚ್ಚುಕಡಿಮೆ ಮೂರು ವರ್ಷಕ್ಕೊಮ್ಮೆ ಹೀಗೆ ಬದಲಾಗುತ್ತದೆ. ಹಾಗಾಗಿ ನೀವು ಓದಲು ಕೂರುವ ದಿನ ಯಾವ ಆವೃತ್ತಿ ನಡೆಯುತ್ತಿದೆ ಅಂತ ಕಾಂಪ್‌ಟಿಯಾ ತಾಣದಲ್ಲೇ ನೋಡಿ. ಸೀನಿಯರ್ ಕೊಟ್ಟ ದಪ್ಪ ಪುಸ್ತಕ ಪುಕ್ಕಟೆ ಸಿಕ್ಕಿತೆಂದು ಮೂರು ತಿಂಗಳು ಓದಿ, ಕೊನೆಗೆ ಅದು ಹಳೆಯದು ಅಂತ ಗೊತ್ತಾದವರನ್ನು ಕಂಡಿದ್ದೇನೆ.

ಅದೇ ತಾಣದಲ್ಲಿ 'ಎಕ್ಸಾಮ್ ಆಬ್ಜೆಕ್ಟಿವ್ಸ್' ಎಂಬ ಪಿಡಿಎಫ್ ಉಚಿತವಾಗಿ ಸಿಗುತ್ತದೆ. ಏನೇನು ಕೇಳಬಹುದು ಎಂಬ ಪೂರ್ತಿ ಪಟ್ಟಿ ಅದು. ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿ. ಪಟ್ಟಿಯಲ್ಲಿ ಇಲ್ಲದ್ದನ್ನು ಓದಬೇಕಾಗಿಲ್ಲ.

701ರಲ್ಲಿ ಐದು ಭಾಗಗಳಿವೆ. ಸಾಮಾನ್ಯ ತತ್ವಗಳಿಗೆ 12 ಶೇಕಡಾ, ಬೆದರಿಕೆ ಮತ್ತು ದೌರ್ಬಲ್ಯಗಳಿಗೆ 22, ವಿನ್ಯಾಸಕ್ಕೆ 18, ದಿನನಿತ್ಯದ ಸೆಕ್ಯುರಿಟಿ ಕೆಲಸಕ್ಕೆ 28, ಆಡಳಿತ ಮತ್ತು ಅಪಾಯದ ಲೆಕ್ಕಾಚಾರಕ್ಕೆ 20. ಹೆಚ್ಚಿನವರು ಮೊದಲ ಭಾಗವನ್ನು ಮೂರು ಸಲ ಓದುತ್ತಾರೆ, ಕೊನೆಯದನ್ನು ಮುಟ್ಟುವುದೇ ಇಲ್ಲ. ಅಂಕ ಇರುವುದು ಮಾತ್ರ ತಿರುಗಾಮುರುಗ.

ದಿನಕ್ಕೆ ಎರಡು ಗಂಟೆ ಕೊಡುವುದಾದರೆ ಮೂರು ತಿಂಗಳು ಸಾಕು. ನೆಟ್‌ವರ್ಕಿಂಗ್ ಏನೂ ಗೊತ್ತಿಲ್ಲದಿದ್ದರೆ ಇನ್ನೊಂದೂವರೆ ತಿಂಗಳು ಸೇರಿಸಿ.

ಹಂತ 3: ನೆಟ್‌ವರ್ಕಿಂಗ್‌ನ ಬುಡ ಗಟ್ಟಿ ಮಾಡಿ

ಸೆಕ್ಯುರಿಟಿ ಪರೀಕ್ಷಿಸುವ ಸಾಧನಗಳಿರುವ ಕಾಲಿ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಹಾಕಿದ ಕೂಡಲೇ ಯಾರೂ ಹ್ಯಾಕರ್ ಆಗುವುದಿಲ್ಲ. ದಾರಿ ಗೊತ್ತಿಲ್ಲದವನು ಕಾವಲು ಕಾಯುವುದು ಹೇಗೆ, ಅಲ್ವಾ? ಇಷ್ಟಾದರೂ ಬಾಯಿಪಾಠ ಅಲ್ಲ, ಕೈಪಾಠ ಆಗಿರಬೇಕು:

1. ಓಎಸ್‌ಐ ಮಾದರಿಯ ಏಳು ಪದರಗಳು. ಒಂದು ಸಂದೇಶ ಕಂಪ್ಯೂಟರಿನಿಂದ ಹೊರಡುವಾಗ ಯಾವ ಹಂತದಲ್ಲಿ ಏನಾಗುತ್ತದೆ ಎಂಬ ವಿಂಗಡಣೆ ಇದು. ಒಂದೇ ನೆಟ್‌ವರ್ಕಿನ ಸಾಧನಗಳನ್ನು ಜೋಡಿಸುವ ಸ್ವಿಚ್ ಎರಡನೆಯ ಪದರದಲ್ಲಿ, ಬೇರೆ ಬೇರೆ ನೆಟ್‌ವರ್ಕುಗಳನ್ನು ಜೋಡಿಸುವ ರೂಟರ್ ಮೂರನೆಯದರಲ್ಲಿ.

2. ಟಿಸಿಪಿ, ಅಂದರೆ ಎರಡು ಕಂಪ್ಯೂಟರ್ ಮಾತಾಡಿಕೊಳ್ಳುವ ಒಂದು ನಿಯಮ. ಅದರ ಸಂಪರ್ಕ ಶುರುವಾಗುವ ರೀತಿ. ಸಿನ್, ಸಿನ್-ಆಕ್, ಆಕ್. ಮೂರೇ ಮಾತು: ಮಾತಾಡಲಾ, ಆಗಲಿ, ಸರಿ. ಮೊದಲನೆಯದನ್ನು ಮಾತ್ರ ಸಾವಿರ ಸಲ ಕಳಿಸಿ, ಮೂರನೆಯದನ್ನು ಕಳಿಸದೆ ಸರ್ವರನ್ನು ಕಾಯಿಸಿದರೆ ಅದೇ ಸಿನ್ ಫ್ಲಡ್ ದಾಳಿ. ಬುಡ ಗೊತ್ತಿದ್ದರೆ ದಾಳಿ ತಾನಾಗಿ ಅರ್ಥವಾಗುತ್ತದೆ.

3. ಪೋರ್ಟ್ ಸಂಖ್ಯೆಗಳು. ಒಂದೇ ಕಂಪ್ಯೂಟರಿನಲ್ಲಿ ಬೇರೆ ಬೇರೆ ಸೇವೆಗಳಿಗೆ ಇರುವ ಬಾಗಿಲು ಸಂಖ್ಯೆ ಅನ್ನಿ. 22 ಎಸ್‌ಎಸ್‌ಎಚ್ ಮತ್ತು 23 ಟೆಲ್ನೆಟ್ (ಎರಡೂ ದೂರದ ಯಂತ್ರಕ್ಕೆ ಆಜ್ಞೆ ಕೊಡಲು), 25 ಎಸ್‌ಎಂಟಿಪಿ (ಇಮೇಲ್ ಕಳಿಸಲು), 53 ಡಿಎನ್‌ಎಸ್ (ತಾಣದ ಹೆಸರಿನಿಂದ ವಿಳಾಸ ಹುಡುಕಲು), 80 ಎಚ್‌ಟಿಟಿಪಿ (ವೆಬ್ ಪುಟಕ್ಕೆ), 389 ಎಲ್‌ಡ್ಯಾಪ್ (ಸಂಸ್ಥೆಯ ಬಳಕೆದಾರರ ಪಟ್ಟಿ ನೋಡಲು), 443 ಎಚ್‌ಟಿಟಿಪಿಎಸ್ (ಮುಚ್ಚಿ ಕಳಿಸುವ ವೆಬ್ ಪುಟಕ್ಕೆ), 445 ಎಸ್‌ಎಂಬಿ (ಫೈಲು ಹಂಚಿಕೊಳ್ಳಲು), 3389 ರಿಮೋಟ್ ಡೆಸ್ಕ್‌ಟಾಪ್. ತೆರೆದು ಕಳಿಸುವುದು, ಮುಚ್ಚಿ ಕಳಿಸುವುದು ಅಂತ ಜೋಡಿ ಮಾಡಿ ಕಲಿಯಿರಿ. ಟೆಲ್ನೆಟ್ ಬದಲು ಎಸ್‌ಎಸ್‌ಎಚ್, 80ರ ಬದಲು 443, 389ರ ಬದಲು 636. ಪರೀಕ್ಷೆಯಲ್ಲಿ ಕೇಳುವುದು ಈ 'ಬದಲು ಏನು' ಎಂಬುದನ್ನೇ.

4. ಸಬ್‌ನೆಟ್ ಲೆಕ್ಕ, ಅಂದರೆ ಒಂದು ದೊಡ್ಡ ನೆಟ್‌ವರ್ಕನ್ನು ತುಂಡು ಮಾಡುವುದು. ಸ್ಲ್ಯಾಶ್ 24 ಅಂದರೆ 256 ವಿಳಾಸ. ಅದನ್ನು ಸ್ಲ್ಯಾಶ್ 26 ಮಾಡಿದರೆ 64ರ ನಾಲ್ಕು ತುಂಡು. ಪ್ರತಿ ತುಂಡಿನ ಮೊದಲನೆಯದು ನೆಟ್‌ವರ್ಕಿನ ಹೆಸರಿಗೆ, ಕೊನೆಯದು ಎಲ್ಲರಿಗೂ ಕೂಗಿ ಹೇಳುವುದಕ್ಕೆ. ಉಳಿಯುವುದು 62. ತೋಟ ಪಾಲು ಮಾಡಿದ ಹಾಗೆ, ಗಡಿಗೆ ಹೋದ ಜಾಗದಲ್ಲಿ ಗಿಡ ನೆಡಲಾಗುವುದಿಲ್ಲ. ಸಿಸಿಎನ್‌ಎ ಮಾಡುವವರಿಗೆ ಇದು ಒಂದು ನಿಮಿಷದೊಳಗೆ ಬರಬೇಕು. ಸೆಕ್ಯುರಿಟಿ ಪ್ಲಸ್‌ಗೆ ತಿಳಿದಿದ್ದರೆ ಸಾಕು.

ಹಂತ 4: ಎರಡು ಕಾಲಮಿನ ಪುಸ್ತಕ ಮಾಡಿ

200 ಪುಟದ ಒಂದು ನೋಟ್‌ಬುಕ್ ತನ್ನಿ. ಎಡಗಡೆ ಇಂಗ್ಲಿಷ್ ಪದ, ಪರೀಕ್ಷೆಯಲ್ಲಿ ಇರುವಂತೆಯೇ. ಬಲಗಡೆ ಅದರ ಅರ್ಥ, ನಿಮ್ಮ ಮನೆಯ ಕನ್ನಡದಲ್ಲಿ. ತುಳುವಿನಲ್ಲೋ ಹವ್ಯಕದಲ್ಲೋ ಬರೆದರೂ ಸರಿ. ಗೂಗಲ್ ಕೊಡುವ ಸಂಸ್ಕೃತದ ಪಾರಿಭಾಷಿಕ ಪದ ಬರೆಯಬೇಡಿ. ಅದು ಇಂಗ್ಲಿಷಿಗಿಂತ ಕಷ್ಟ.

ಕೆಲವನ್ನು ಮಾದರಿಗೆ ಕೊಡುತ್ತೇನೆ.

ಸಿಐಎ ಟ್ರಯಾಡ್: ಸೆಕ್ಯುರಿಟಿಯ ಮೂರು ಕಾಲು. ಸೊಸೈಟಿಯ ಖಾತೆ ನೆನೆಯಿರಿ. ನಿಮ್ಮ ಲೆಕ್ಕ ಪಕ್ಕದವರಿಗೆ ಕಾಣಬಾರದು, ಅದು ಕಾನ್ಫಿಡೆನ್ಶಿಯಾಲಿಟಿ. ಸಂಖ್ಯೆಯನ್ನು ಯಾರೂ ತಿದ್ದಬಾರದು, ಅದು ಇಂಟೆಗ್ರಿಟಿ. ನೀವು ಹೋದಾಗ ಹಣ ಸಿಗಬೇಕು, ಅದು ಅವೈಲಬಿಲಿಟಿ. ಪ್ರತಿ ದಾಳಿ ಓದುವಾಗಲೂ ಇದು ಯಾವ ಕಾಲು ಮುರಿಯುತ್ತದೆ ಅಂತ ಕೇಳಿಕೊಳ್ಳಿ.

ಹ್ಯಾಷ್: ರುಬ್ಬಿದ ಹಿಟ್ಟು ಮತ್ತೆ ಅಕ್ಕಿ ಆಗದು. ಒಂದು ಫೈಲನ್ನು ಎಸ್‌ಎಚ್‌ಎ-256 ಎಂಬ ಹ್ಯಾಷ್ ವಿಧಾನದಲ್ಲಿ ಹಾಕಿದರೆ ಬರುವ ಗುರುತು ಹಿಂದಕ್ಕೆ ತಿರುಗುವುದಿಲ್ಲ. ಆದರೆ ಅದೇ ಫೈಲಿಗೆ ಯಾವಾಗಲೂ ಅದೇ ಗುರುತು. ಒಂದಕ್ಷರ ಬದಲಾದರೂ ಗುರುತು ಪೂರ್ತಿ ಬೇರೆ. ಇದು ಎನ್‌ಕ್ರಿಪ್ಷನ್ ಅಲ್ಲ. ಎನ್‌ಕ್ರಿಪ್ಷನ್ ಅಂದರೆ ಬೀಗ, ಕೀಲಿ ಇದ್ದವರು ತೆರೆಯಬಹುದು. ಈ ಎರಡನ್ನು ಕಲಸಿ ಅಂಕ ಕಳೆದುಕೊಳ್ಳುವವರು ಬಹಳ.

ವಿಪಿಎನ್: ಪುಸ್ತಕಗಳು ಇದನ್ನು ಸುರಂಗ ಅನ್ನುತ್ತವೆ. ಬೇರೆ ಊರಿನವರಿಗೆ ಅದು ಬರೀ ಮಾತು, ನಮಗೆ ಮನೆಯ ಹಿಂದಿನ ಗುಡ್ಡದಲ್ಲೇ ಉಂಟು. ಗುಡ್ಡದ ಒಳಗೆ ನೀರು ಹರಿಯುತ್ತದೆ, ಮೇಲೆ ನಡೆಯುವವರಿಗೆ ಕಾಣುವುದಿಲ್ಲ. ಎಲ್ಲರೂ ಓಡಾಡುವ ಇಂಟರ್ನೆಟ್ಟಿನ ಒಳಗೆ ನಿಮ್ಮ ಡೇಟಾ ಮುಚ್ಚಿಕೊಂಡು ಹೋಗುವುದು ಹೀಗೆಯೇ.

ಐಡಿಎಸ್ ಮತ್ತು ಐಪಿಎಸ್: ಮೊದಲನೆಯದು ಬೊಗಳುವ ನಾಯಿ, ಎರಡನೆಯದು ಕಚ್ಚುವ ನಾಯಿ. ನೆಟ್‌ವರ್ಕಿನಲ್ಲಿ ದಾಳಿ ಕಂಡರೆ ಒಂದು ತಿಳಿಸುತ್ತದೆ, ಇನ್ನೊಂದು ತಡೆಯುತ್ತದೆ.

ಎಎಲ್‌ಇ: ಒಂದು ಅಪಾಯದಿಂದ ವರ್ಷಕ್ಕೆ ಎಷ್ಟು ನಷ್ಟ ಎಂಬ ಅಂದಾಜು. ಇದನ್ನು ಸಿಡಿಲಿನ ಲೆಕ್ಕದಲ್ಲಿ ಕಲಿಯಿರಿ. ನಿಮ್ಮ ಅಂಗಡಿಯ ರೂಟರ್, ಸ್ವಿಚ್ ಎಲ್ಲ ಸೇರಿ 20,000 ರೂಪಾಯಿ. ಸಿಡಿಲು ಬಡಿದರೆ ಪೂರ್ತಿ ಹೋಗುತ್ತದೆ. ಅಂದರೆ ಒಂದು ಸಲದ ನಷ್ಟ 20,000, ಇದು ಎಸ್‌ಎಲ್‌ಇ. ಎರಡು ವರ್ಷಕ್ಕೊಮ್ಮೆ ಹೀಗಾಗುತ್ತದೆ ಅಂದುಕೊಳ್ಳಿ. ಅಂದರೆ ವರ್ಷಕ್ಕೆ 0.5 ಸಲ, ಇದು ಎಆರ್‌ಒ. ಎರಡನ್ನೂ ಗುಣಿಸಿದರೆ 10,000. ಇದೇ ಎಎಲ್‌ಇ. ಈಗ ವರ್ಷಕ್ಕೆ 3,000 ಖರ್ಚಿನಲ್ಲಿ ಸಿಡಿಲಿನಿಂದ ಕಾಪಾಡುವ ವ್ಯವಸ್ಥೆ ಸಿಕ್ಕಿದರೆ ಹಾಕಿಸಬಹುದು. 15,000 ಕೇಳಿದರೆ ಸುಮ್ನೆ ಬಿಡಿ. ಪರೀಕ್ಷೆಯಲ್ಲಿ ಸಿಡಿಲಿನ ಬದಲು ಸರ್ವರ್ ಇರುತ್ತದೆ, ಅಷ್ಟೇ.

ದಿನಕ್ಕೆ 15 ಪದ ಸಾಕು. ಆದರೆ ಬಲಗಡೆ ಮುಚ್ಚಿ ಎಡಗಡೆ ಓದಿ ಅರ್ಥ ಹೇಳುವುದಷ್ಟೇ ಸಾಲದು. ಎಡಗಡೆ ಮುಚ್ಚಿ, ಕನ್ನಡದ ಅರ್ಥ ನೋಡಿ, ಇಂಗ್ಲಿಷ್ ಪದವನ್ನು ಬಾಯಿಬಿಟ್ಟು ಹೇಳಬೇಕು. ಎರಡನೆಯದನ್ನು ಯಾರೂ ಮಾಡುವುದಿಲ್ಲ.

ಹಂತ 5: ಮನೆಯಲ್ಲೇ ಲ್ಯಾಬ್

8 ಜಿಬಿ ರ‍್ಯಾಮ್ ಇರುವ ಲ್ಯಾಪ್‌ಟಾಪ್ ಇದ್ದರೆ ನಡೆಯುತ್ತದೆ. ವರ್ಚುವಲ್‌ಬಾಕ್ಸ್ ಉಚಿತ. ಒಂದು ಕಂಪ್ಯೂಟರಿನ ಒಳಗೇ ಇನ್ನೆರಡು ಕಂಪ್ಯೂಟರ್ ಓಡಿಸುವ ತಂತ್ರಾಂಶ ಅದು. ನೆಟ್‌ವರ್ಕಿನಲ್ಲಿ ಹೋಗಿಬರುವುದನ್ನು ತೋರಿಸುವ ವೈರ್‌ಶಾರ್ಕ್ ಉಚಿತ. ಪರದೆಯ ಮೇಲೇ ರೂಟರ್, ಸ್ವಿಚ್ ಜೋಡಿಸಿ ಕಲಿಯುವ ಸಿಸ್ಕೋದ ಪ್ಯಾಕೆಟ್ ಟ್ರೇಸರ್ ಕೂಡ ಅವರ ನೆಟ್‌ವರ್ಕಿಂಗ್ ಅಕಾಡೆಮಿಯಲ್ಲಿ ಹೆಸರು ನೋಂದಾಯಿಸಿದರೆ ಉಚಿತ.

ಮೊದಲು ವೈರ್‌ಶಾರ್ಕ್ ತೆರೆದು ನಿಮ್ಮದೇ ಲ್ಯಾಪ್‌ಟಾಪಿನ ಸಂಚಾರ ನೋಡಿ. ಒಂದು ವೆಬ್ ಪುಟ ತೆರೆಯಿರಿ. ಮೊದಲು 53ರಲ್ಲಿ ಡಿಎನ್‌ಎಸ್ ಕೇಳಿಕೆ, ಆಮೇಲೆ ಸಿನ್, ಸಿನ್-ಆಕ್, ಆಕ್. ಪುಸ್ತಕದಲ್ಲಿ ಓದಿದ್ದು ಕಣ್ಣೆದುರು ಸಾಲಾಗಿ ಇಳಿಯುತ್ತದೆ. ಬ್ರೌಸರಿನಲ್ಲಿ ಡಿಎನ್‌ಎಸ್ ಮುಚ್ಚಿ ಕಳಿಸುವ ಸೆಟ್ಟಿಂಗ್ ಆನ್ ಇದ್ದರೆ 53 ಕಾಣದು. ಯಾಕೆ ಕಾಣಲಿಲ್ಲ ಅಂತ ಹುಡುಕುವುದೂ ಒಂದು ಪಾಠವೇ.

ಆಮೇಲೆ ಮನೆಯ ವೈಫೈ ರೂಟರಿನ ಒಳಗೆ ಹೋಗಿ. ಕಂಪನಿ ಕೊಟ್ಟ ಪಾಸ್‌ವರ್ಡೇ ಇದೆಯಾ? ಬದಲಿಸಿ. ಗುಂಡಿ ಒತ್ತಿ ಅಥವಾ ಪಿನ್ ಹಾಕಿ ವೈಫೈ ಸೇರುವ ಡಬ್ಲ್ಯುಪಿಎಸ್ ಆನ್ ಇದೆಯಾ? ಆಫ್ ಮಾಡಿ. ವೈಫೈ ಸಂಚಾರಕ್ಕೆ ಬೀಗ ಹಾಕುವ ಡಬ್ಲ್ಯುಪಿಎ2 ಅಥವಾ 3 ಇದೆಯಾ ನೋಡಿ. ನೆಂಟರಿಗೆ ಬೇರೆ ಗೆಸ್ಟ್ ನೆಟ್‌ವರ್ಕ್ ಮಾಡಿ. ಪರೀಕ್ಷೆಯಲ್ಲಿ 'ಪಿಬಿಕ್ಯೂ' ಎಂಬ ಪ್ರಶ್ನೆಗಳು ಬರುತ್ತವೆ. ಉತ್ತರ ಆರಿಸುವ ಬದಲು ಪರದೆಯ ಮೇಲೆ ಕೆಲಸ ಮಾಡಿ ತೋರಿಸುವಂಥವು. ಯಾವ ಸಂಚಾರ ಬಿಡಬೇಕು, ಯಾವುದು ಬೇಡ ಎಂಬ ಫೈರ್‌ವಾಲ್ ನಿಯಮ ಹಾಕಿ, ವೈಫೈ ಸೆಟ್ ಮಾಡಿ ಅನ್ನುತ್ತವೆ. ಮನೆಯ ರೂಟರಿನಲ್ಲಿ ಕೈಯಾಡಿಸಿದವರಿಗೆ ಅಲ್ಲಿ ಕೈ ನಡುಗುವುದಿಲ್ಲ.

ಮೂರನೆಯದು, ಕಾಲಿ ಲಿನಕ್ಸ್ ಮತ್ತು ಮೆಟಾಸ್ಪ್ಲಾಯ್ಟಬಲ್ ಎರಡನ್ನೂ ವರ್ಚುವಲ್‌ಬಾಕ್ಸಿನಲ್ಲಿ ಹಾಕಿ, ತೆರೆದ ಪೋರ್ಟ್ ಹುಡುಕುವ ಎನ್‌ಮ್ಯಾಪ್‌ನಿಂದ ಒಂದರಿಂದ ಇನ್ನೊಂದನ್ನು ಸ್ಕ್ಯಾನ್ ಮಾಡಿ. ಮೆಟಾಸ್ಪ್ಲಾಯ್ಟಬಲ್ ಅಂದರೆ ಬೇಕೆಂದೇ ತೂತು ಬಿಟ್ಟು ಮಾಡಿದ ಯಂತ್ರ. ಆದ್ದರಿಂದ ಎರಡರ ನೆಟ್‌ವರ್ಕನ್ನೂ 'ಹೋಸ್ಟ್ ಓನ್ಲಿ' ಮಾಡಿಡಿ, ಹೊರಗಿನ ಇಂಟರ್ನೆಟ್ಟಿಗೆ ತೆರೆಯಬೇಡಿ.

ಒಂದು ಗಟ್ಟಿ ಎಚ್ಚರಿಕೆ. ಪಕ್ಕದ ಮನೆಯ ವೈಫೈ, ಕಾಲೇಜಿನ ಸರ್ವರ್, ಸೊಸೈಟಿಯ ತಾಣ, ಯಾವುದನ್ನೂ ಅನುಮತಿ ಇಲ್ಲದೆ ಮುಟ್ಟಬೇಡಿ. 'ಕಲಿಯಲಿಕ್ಕೆ ಮಾಡಿದ್ದು' ಎಂಬುದು ಸಮಜಾಯಿಷಿ ಆಗುವುದಿಲ್ಲ. 2000ದ ಐಟಿ ಕಾಯ್ದೆಯ 66ನೇ ಸೆಕ್ಷನ್ ಪ್ರಕಾರ ಮೂರು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ, ಅಥವಾ ಎರಡೂ ಆಗಬಹುದು.

ಹಂತ 6: ಪ್ರಶ್ನೆ ಓದುವುದನ್ನು ಕಲಿಯಿರಿ

ಈ ಹಂತ ಕನ್ನಡ ಮೀಡಿಯಂನವರಿಗಾಗಿಯೇ. ಹೆಚ್ಚೆಂದರೆ 90 ಪ್ರಶ್ನೆ, 90 ನಿಮಿಷ. ಪಿಬಿಕ್ಯೂಗಳು ಜಾಸ್ತಿ ಸಮಯ ತಿನ್ನುವುದರಿಂದ ಉಳಿದವಕ್ಕೆ ತಲಾ ಒಂದು ನಿಮಿಷವೂ ಇಲ್ಲ.

ಪ್ರಶ್ನೆಯನ್ನು ಕೊನೆಯಿಂದ ಓದಿ. ನಾಲ್ಕು ಸಾಲಿನ ಕತೆ ಇರುತ್ತದೆ, ಕೇಳಿದ್ದು ಮಾತ್ರ ಕೊನೆಯ ಸಾಲಿನಲ್ಲಿ. ಮೊದಲು ಅದನ್ನು ಓದಿ, ಆಮೇಲೆ ಕತೆಗೆ ಹೋಗಿ. ದೊಡ್ಡಕ್ಷರದ ಪದಗಳ ಮೇಲೆ ಕಣ್ಣಿಡಿ: ಫಸ್ಟ್, ಬೆಸ್ಟ್, ಮೋಸ್ಟ್ ಲೈಕ್ಲಿ, ಲೀಸ್ಟ್, ನಾಟ್. ಉತ್ತರ ತಿರುಗುವುದು ಇವುಗಳಿಂದಲೇ.

ಹೀಗೊಂದು ಪ್ರಶ್ನೆ ಬಂತೆನ್ನಿ. ಲೆಕ್ಕಪತ್ರ ವಿಭಾಗದ ಒಂದು ಕಂಪ್ಯೂಟರಿಗೆ ರ‍್ಯಾನ್ಸಮ್‌ವೇರ್ ಹೊಕ್ಕಿದೆ, ಅಂದರೆ ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ದುಷ್ಟ ಪ್ರೋಗ್ರಾಂ. ತಂತ್ರಜ್ಞ ಮೊದಲು ಏನು ಮಾಡಬೇಕು? ಬ್ಯಾಕಪ್‌ನಿಂದ ಫೈಲು ಮರಳಿ ತರುವುದಾ, ಆ ಕಂಪ್ಯೂಟರನ್ನು ನೆಟ್‌ವರ್ಕಿನಿಂದ ಬೇರ್ಪಡಿಸುವುದಾ, ಎಲ್ಲರಿಗೂ ತರಬೇತಿ ಕೊಡುವುದಾ, ಆಂಟಿವೈರಸ್ ಅಪ್‌ಡೇಟ್ ಮಾಡುವುದಾ? ನಾಲ್ಕೂ ಒಳ್ಳೆಯ ಕೆಲಸಗಳೇ. ಆದರೆ ಕೇಳಿದ್ದು 'ಫಸ್ಟ್'. ಬೆಂಕಿ ಹರಡದಂತೆ ಮಾಡುವುದು ಮೊದಲು, ಹಾಗಾಗಿ ಬೇರ್ಪಡಿಸುವುದೇ ಉತ್ತರ. ಇದೇ ಕತೆಗೆ 'ಮುಂದೆ ಹೀಗಾಗದಂತೆ' ಅಂತ ಸೇರಿಸಿದರೆ ಉತ್ತರ ಬೇರೆಯಾಗುತ್ತದೆ. ಘಟನೆ ನಿಭಾಯಿಸುವ ಕ್ರಮ ನೆನಪಿರಲಿ: ತಯಾರಿ, ಪತ್ತೆ, ವಿಶ್ಲೇಷಣೆ, ಹರಡದಂತೆ ತಡೆ, ಬೇರು ಕೀಳುವುದು, ಮರಳಿ ನಿಲ್ಲಿಸುವುದು, ಕಲಿತದ್ದನ್ನು ಬರೆದಿಡುವುದು.

ಕೊನೆಯ ನಾಲ್ಕು ವಾರ ದಿನಕ್ಕೆ 30 ಪ್ರಶ್ನೆ, ಗಡಿಯಾರ ಇಟ್ಟು ಮಾಡಿ. ತಪ್ಪಾದ ಪ್ರತಿ ಪ್ರಶ್ನೆಯ ಪಕ್ಕದಲ್ಲಿ ಕಾರಣ ಬರೆಯಿರಿ: 'ಗೊತ್ತಿರಲಿಲ್ಲ' ಅಥವಾ 'ಓದಿದ್ದು ತಪ್ಪು'. ಎರಡನೆಯದು ಜಾಸ್ತಿ ಇದ್ದರೆ ಹೊಸ ಪಾಠ ಓದಿ ಪ್ರಯೋಜನವಿಲ್ಲ, ನಿಧಾನ ಮಾಡಬೇಕು.

ಡಂಪ್ ಬಗ್ಗೆ ಒಂದು ಮಾತು. ನಿಜವಾದ ಪರೀಕ್ಷೆಯ ಪ್ರಶ್ನೆಗಳನ್ನು ಕದ್ದು ಮಾರುವ ಪಿಡಿಎಫ್‌ಗಳಿಗೆ ಹಾಗನ್ನುತ್ತಾರೆ. ವಾಟ್ಸಾಪ್ ಗುಂಪಿನಲ್ಲಿ ಕಡಿಮೆ ದುಡ್ಡಿಗೆ ಸಿಗುತ್ತದೆ. ಅದರಲ್ಲಿ ತಪ್ಪು ಉತ್ತರಗಳೂ ತುಂಬಿರುತ್ತವೆ. ಸಿಕ್ಕಿಬಿದ್ದರೆ ಪ್ರಮಾಣಪತ್ರ ರದ್ದಾಗುತ್ತದೆ, ಮುಂದೆ ಪರೀಕ್ಷೆಗೆ ಕೂರದಂತೆ ನಿಷೇಧವೂ ಆಗಬಹುದು. 'ನೀವು ಬರುವುದೇ ಬೇಡ, ನಾವೇ ಬರೆದು ಪಾಸ್ ಮಾಡಿಸ್ತೇವೆ' ಎನ್ನುವವರಿಗೆ ದುಡ್ಡು ಕೊಟ್ಟರೆ ದುಡ್ಡೂ ಹೋಯಿತು, ಆಧಾರ್ ಪ್ರತಿಯೂ ಅವರ ಕೈಗೆ ಹೋಯಿತು. ಸೆಕ್ಯುರಿಟಿ ಕಲಿಯಲು ಹೊರಟವರು ಹೀಗೆ ಮೋಸಹೋಗುವುದು ತಮಾಷೆ ಅಲ್ಲ.

ಹಂತ 7: ಬುಕಿಂಗ್‌ಗೆ ಮೊದಲು ಹೆಸರು ನೋಡಿ

ಸೆಕ್ಯುರಿಟಿ ಪ್ಲಸ್, ಸಿಸಿಎನ್‌ಎ ಎರಡನ್ನೂ ನಡೆಸುವುದು ಪಿಯರ್ಸನ್ ವ್ಯೂ. ಅವರ ತಾಣದಲ್ಲಿ ನೀವು ಕೊಡುವ ಹೆಸರು ಗುರುತಿನ ಚೀಟಿಯಲ್ಲಿ ಇದ್ದಂತೆಯೇ ಇರಬೇಕು.

ನಮ್ಮಲ್ಲಿ ಇದು ದೊಡ್ಡ ತಲೆನೋವು. ಎಸ್ಎಸ್ಎಲ್‌ಸಿ ಪುಸ್ತಕದಲ್ಲಿ ಇನಿಶಿಯಲ್ ಮುಂದೆ, ಆಧಾರಿನಲ್ಲಿ ಹಿಂದೆ, ಪಾಸ್‌ಪೋರ್ಟಿನಲ್ಲಿ ತಂದೆಯ ಪೂರ್ತಿ ಹೆಸರು. ಕೆಲವರಿಗೆ ಮನೆಹೆಸರೂ ಸೇರಿಕೊಂಡಿರುತ್ತದೆ. ನನ್ನ ಗೆಳೆಯನೊಬ್ಬ ಅಕೌಂಟಿನಲ್ಲಿ ಇನಿಶಿಯಲ್ ಮಾತ್ರ ಹಾಕಿ, ಪಾಸ್‌ಪೋರ್ಟಿನಲ್ಲಿ ಪೂರ್ತಿ ಹೆಸರಿದ್ದು, ಪರೀಕ್ಷೆಯ ಬಾಗಿಲಿನಿಂದಲೇ ವಾಪಸು ಬಂದ. ಕಟ್ಟಿದ ಶುಲ್ಕವೂ ಹೋಯಿತು. ತಪ್ಪು ಅವನದೇ.

ಪಾಸ್‌ಪೋರ್ಟ್ ಇದ್ದರೆ ಅದನ್ನೇ ಒಯ್ಯಿರಿ, ಅದರ ಪ್ರಕಾರವೇ ಅಕೌಂಟ್ ಮಾಡಿ. ಸರ್‌ನೇಮ್ ಜಾಗ ಖಾಲಿ ಇರುವ ಪಾಸ್‌ಪೋರ್ಟ್ ಆದರೆ ದುಡ್ಡು ಕಟ್ಟುವ ಮೊದಲೇ ಸಹಾಯವಾಣಿಗೆ ಬರೆದು ಕೇಳಿ. ಆಧಾರಿನಲ್ಲಿ ತಿದ್ದುಪಡಿ ಬೇಕಿದ್ದರೆ ಅಕ್ಷಯ ಕೇಂದ್ರಕ್ಕೆ ಹೋಗಿ, ಆದರೆ ಪರೀಕ್ಷೆಗೆ ಎರಡು ತಿಂಗಳು ಇರುವಾಗಲೇ.

ಪರೀಕ್ಷೆಯನ್ನು ಕೇಂದ್ರಕ್ಕೆ ಹೋಗಿಯೂ ಬರೆಯಬಹುದು, ಮನೆಯಿಂದಲೂ ಬರೆಯಬಹುದು. ಮನೆಯಿಂದ ಬರೆಯುವುದು ಸುಲಭ ಅಂತ ಅನಿಸುತ್ತದೆ. ಅದಕ್ಕೆ ಬೇಕಾದ್ದು ಬಾಗಿಲು ಮುಚ್ಚುವ ಕೋಣೆ, ಖಾಲಿ ಮೇಜು, ಕ್ಯಾಮೆರಾ, ಕಡಿಯದ ಇಂಟರ್ನೆಟ್. ಮಧ್ಯದಲ್ಲಿ ಅಮ್ಮ ಚಾ ತಂದುಕೊಟ್ಟರೂ ಪರೀಕ್ಷೆ ನಿಲ್ಲಿಸಬಹುದು. ಬಾಯಲ್ಲಿ ಗುಣುಗುತ್ತಾ ಓದಿದರೂ ಎಚ್ಚರಿಸುತ್ತಾರೆ. ಬರೆಯಲು ಕಾಗದ ಸಿಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಕರೆಂಟು ಯಾವಾಗ ಹೋಗುತ್ತದೆ ಅಂತ ನಿಮಗೆ ಬೇರೆ ಹೇಳಬೇಕಾಗಿಲ್ಲ. ಲ್ಯಾಪ್‌ಟಾಪಿಗೆ ಬ್ಯಾಟರಿ ಇದ್ದೀತು, ರೂಟರಿಗೆ? ಮಳೆಗಾಲದಲ್ಲಾದರೆ ಮನೆಯಲ್ಲಿ ಬರೆಯಲೇಬೇಡಿ.

ಕೇಂದ್ರ ಹುಡುಕುವಾಗ ಉತ್ತರಕ್ಕೆ ಮಂಗಳೂರು, ದಕ್ಷಿಣಕ್ಕೆ ಕೊಚ್ಚಿಯ ತನಕ ಹಾಕಿ ನೋಡಿ. ನಿಮ್ಮ ಪರೀಕ್ಷೆಗೆ ಯಾವ ದಿನ ಎಲ್ಲಿ ಸೀಟಿದೆ ಅಂತ ತಾಣವೇ ತೋರಿಸುತ್ತದೆ. ಬೆಳಗ್ಗೆ ಎಂಟರ ಸ್ಲಾಟ್ ಹಿಡಿದು ರೈಲನ್ನು ನಂಬಿ ಹೊರಡಬೇಡಿ. ಹನ್ನೊಂದರ ಮೇಲಿನದು ತೆಗೆದುಕೊಳ್ಳಿ. ದಿನ ಬದಲಿಸಬೇಕಾದರೆ 24 ಗಂಟೆಗೆ ಮೊದಲೇ ಬದಲಿಸಿ.

ಹಂತ 8: ಪರೀಕ್ಷೆಯ ದಿನ

ಅರ್ಧ ಗಂಟೆ ಮೊದಲು ಅಲ್ಲಿರಿ. ಮೊಬೈಲ್, ವಾಚು, ಪರ್ಸು ಎಲ್ಲ ಲಾಕರಿಗೆ. ಕೇಂದ್ರದಲ್ಲಿ ಅಳಿಸಿ ಬರೆಯುವ ಹಲಗೆ ಕೊಡುತ್ತಾರೆ. ಪರೀಕ್ಷೆ ಶುರುವಾದ ಕೂಡಲೇ ಪೋರ್ಟ್ ಸಂಖ್ಯೆ, ಎಎಲ್‌ಇ ಸೂತ್ರ ಗೀಚಿಡಿ.

ಪಿಬಿಕ್ಯೂಗಳು ಸಾಮಾನ್ಯವಾಗಿ ಮೊದಲೇ ಬರುತ್ತವೆ. ಗುರುತು ಹಾಕಿ ಮುಂದೆ ಹೋಗಿ, ಕೊನೆಗೆ ಮಾಡಿ. ಸಿಸ್ಕೋದಲ್ಲಿ ಮಾತ್ರ ಹೀಗೆ ಮಾಡಲಾಗದು, ಅಲ್ಲಿ ದಾಟಿದ ಪ್ರಶ್ನೆಗೆ ಮರಳಿ ಹೋಗುವ ದಾರಿಯಿಲ್ಲ. ಸೆಕ್ಯುರಿಟಿ ಪ್ಲಸ್‌ನಲ್ಲಿ ತಪ್ಪಿಗೆ ಅಂಕ ಕಳೆಯುವುದಿಲ್ಲ, ಹಾಗಾಗಿ ಯಾವುದನ್ನೂ ಖಾಲಿ ಬಿಡಬೇಡಿ.

ಪಾಸಾಗಲು 750 ಬೇಕು. ಅಂಕದ ಅಳತೆ 100ರಿಂದ 900. ಇದನ್ನು ಶೇಕಡಾವಾರು ಮಾಡಿ ತಲೆ ಕೆಡಿಸಿಕೊಳ್ಳಬೇಡಿ, ಎಲ್ಲ ಪ್ರಶ್ನೆಗಳ ತೂಕ ಒಂದೇ ಅಲ್ಲ.

ಹಂತ 9: ಆಮೇಲೆ

ಫೇಲಾದರೆ ಅಂಕಪಟ್ಟಿಯಲ್ಲಿ ಯಾವ ವಿಷಯದಲ್ಲಿ ತಪ್ಪಿತು ಅಂತ ಬರೆದಿರುತ್ತದೆ. ಎರಡನೇ ಸಲಕ್ಕೆ ಕಾಯಬೇಕಾದ ನಿಯಮ ಇಲ್ಲ, ಮೂರನೇ ಸಲಕ್ಕೆ 14 ದಿನ ಕಾಯಬೇಕು. ಪ್ರತಿ ಸಲವೂ ಪೂರ್ತಿ ಶುಲ್ಕ. ಹಾಗಾಗಿ ಸಿಟ್ಟಿನಲ್ಲಿ ಮರುದಿನವೇ ಬುಕ್ ಮಾಡಬೇಡಿ.

ಪಾಸಾದರೆ ಪ್ರಮಾಣಪತ್ರ ಮೂರು ವರ್ಷಕ್ಕೆ. ಅಷ್ಟರಲ್ಲಿ 50 ಕಲಿಕಾ ಅಂಕ ಕೂಡಿಸಿ, ಅದರ ಶುಲ್ಕವನ್ನೂ ಕಟ್ಟಿದರೆ ನವೀಕರಣ ಆಗುತ್ತದೆ. ಮೇಲಿನ ಹಂತದ ಇನ್ನೊಂದು ಪರೀಕ್ಷೆ ಪಾಸು ಮಾಡಿದರೂ ಆಗುತ್ತದೆ. ಅದರ ಸೂಚನೆಗಳೆಲ್ಲ ನೀವು ಕೊಟ್ಟ ಇಮೇಲಿಗೇ ಬರುತ್ತವೆ. ಆದ್ದರಿಂದ ಅಕೌಂಟ್ ಮಾಡುವಾಗ ಕಾಲೇಜಿನ ಇಮೇಲ್ ಕೊಡಬೇಡಿ. ಕೋರ್ಸ್ ಮುಗಿದ ಮೇಲೆ ಕಾಲೇಜು ಅದನ್ನು ಮುಚ್ಚಿದರೆ ನಿಮ್ಮದೇ ಪ್ರಮಾಣಪತ್ರ ನಿಮಗೆ ತೆರೆಯದು.